ಬೀರುವಿನ ಕೀಲಿ ಯಾರ ಬಳಿ ಇದೆ?

ಅಂಧೇರಿ ಪಶ್ಚಿಮದ ಕೊನೆಯಲ್ಲಿ ವೆರ್ಸೋವಾ ಕಡಲತೀರವಿದೆ. ಕೋಳಿ ಮೀನುಗಾರರ ಹಳೆಯ ಕೇರಿ ಇರುವ ಈ ದಡಕ್ಕೇ ಭಾರತವನ್ನು ಹೊರಜಗತ್ತಿಗೆ ಜೋಡಿಸುವ ಸಮುದ್ರತಳದ ಇಂಟರ್‌ನೆಟ್ ಕೇಬಲ್‌ಗಳಲ್ಲಿ ಹಲವು ಬಂದು ಸೇರುತ್ತವೆ. ರೈಲುಹಳಿ ದಾಟಿ ಪೂರ್ವಕ್ಕೆ ಹೋದರೆ 1973ರಲ್ಲಿ ಶುರುವಾದ ಸೀಪ್ಜ್, ಅದರ ಸುತ್ತ ಎಂಐಡಿಸಿಯ ಸಾಫ್ಟ್‌ವೇರ್ ಕಚೇರಿಗಳು. ಇವೆರಡರ ನಡುವಿನ ಸೊಸೈಟಿಗಳಲ್ಲಿ, ಒಂದು ಕೋಣೆಯ ಬಾಡಿಗೆ ಮನೆಗಳಲ್ಲಿ ಕೂತು ಹೋಟೆಲು, ಶಾಲೆ, ಜಾತಿ ಸಂಘ, ಸಾಂಸ್ಕೃತಿಕ ಸಂಘಗಳಿಗೆ ವೆಬ್‌ಸೈಟ್ ಮಾಡಿಕೊಡುವವರು ಬಹಳ. ಕೆಲಸ ಮಾಡುವವನು ಅಂಧೇರಿಯಲ್ಲಿ, ಮಾಹಿತಿ ಇರುವ ಸರ್ವರ್ ಸಿಂಗಪುರದಲ್ಲೋ ಜರ್ಮನಿಯಲ್ಲೋ. ನಡುವಿನ ದಾರಿಯ ಬಗ್ಗೆ ಯಾರೂ ಹೆಚ್ಚು ಯೋಚಿಸುವುದಿಲ್ಲ.

ಯೋಚಿಸಬೇಕಾದ ಕಾಲ ಬಂದಿದೆ. ಮುಂಬಯಿಯ ಕನ್ನಡ, ತುಳು ಸಂಘಗಳ ಸದಸ್ಯರ ಪಟ್ಟಿ ಒಂದು ಕಾಲದಲ್ಲಿ ಕಚೇರಿಯ ಕಬ್ಬಿಣದ ಬೀರುವಿನಲ್ಲಿ ಇರುತ್ತಿತ್ತು. ಕೀಲಿ ಕಾರ್ಯದರ್ಶಿಯವರ ಬಳಿ. ರಿಜಿಸ್ಟರು ನೋಡಬೇಕಾದರೆ ಅವರನ್ನೇ ಕೇಳಬೇಕು. ಈಗ ಅಂಥ ಪಟ್ಟಿಗಳು ವೆಬ್ ಹೋಸ್ಟಿಂಗಿನ ಡೇಟಾಬೇಸಿಗೆ ಹೋಗುತ್ತಿವೆ. ಹೆಸರು, ಮೊಬೈಲ್ ನಂಬರು, ರಕ್ತದ ಗುಂಪು, ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಬರೆದ ತಂದೆಯ ವರಮಾನ, ಮದುವೆಗೆ ಬಂದ ಮಗಳ ಫೋಟೋ, ಜಾತಕ. ಇದನ್ನೆಲ್ಲ ನೋಡಿಕೊಳ್ಳುವವನು ಹಗಲು ಬೇರೆ ಕಂಪನಿಯಲ್ಲಿ ದುಡಿದು, ರಾತ್ರಿ ಮನೆಯ ಲ್ಯಾಪ್‌ಟಾಪಿನಲ್ಲಿ ಸಂಘದ ಸೇವೆ ಮಾಡುವ ಹುಡುಗ. ಅವನ ಪ್ರಾಮಾಣಿಕತೆಯ ಬಗ್ಗೆ ಯಾರಿಗೂ ಸಂಶಯವಿಲ್ಲ. ಸಂಶಯವಿರಬೇಕಾದದ್ದು ಅವನು ಹಿಡಿದ ದಾರಿಯ ಬಗ್ಗೆ.

ಸಾಮಾನ್ಯವಾಗಿ ಹೋಸ್ಟಿಂಗ್ ಸರ್ವರಿನ ಮೈಎಸ್‌ಕ್ಯುಎಲ್ ಡೇಟಾಬೇಸ್ ಅದೇ ಯಂತ್ರದಲ್ಲಿರುವ ವೆಬ್‌ಸೈಟಿನ ಜೊತೆ ಮಾತ್ರ ಮಾತಾಡುತ್ತದೆ. ಅಂಧೇರಿಯ ಲ್ಯಾಪ್‌ಟಾಪಿನಿಂದ ಕರೆದರೆ ಬಾಗಿಲು ತೆಗೆಯುವುದಿಲ್ಲ. ಆಗ ಸುಲಭದ ಉಪಾಯವೊಂದು ಸಿಗುತ್ತದೆ. ಹೋಸ್ಟಿಂಗಿನ ನಿಯಂತ್ರಣ ಫಲಕದಲ್ಲಿ ಹೊರಗಿನಿಂದ ಬರುವವರ ವಿಳಾಸ ಬರೆಯುವ ಜಾಗವಿದೆ. ಅಲ್ಲಿ ಶೇಕಡಾ ಚಿಹ್ನೆಯೊಂದನ್ನು ಹಾಕಿದರೆ ಮುಗಿಯಿತು. ಆ ಚಿಹ್ನೆಯ ಅರ್ಥ ‘ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ’ ಎಂದು. ಸಂಪರ್ಕ ಸಿಕ್ಕಿತು, ಕೆಲಸ ಆಯಿತು, ಹುಡುಗ ಮಲಗಿದ. 3306 ಎಂಬ ಪೋರ್ಟ್ ಮಾತ್ರ ರಾತ್ರಿಯಿಡೀ ಜಗತ್ತಿಗೆ ತೆರೆದಿರುತ್ತದೆ. ಪಾಸ್‌ವರ್ಡ್ ಇದೆ, ನಿಜ. ಉಳಿದಿರುವುದು ಅದೊಂದೇ.

‘ನಮ್ಮದು ಚಿಕ್ಕ ಸಂಘ, ನಮ್ಮ ಮೇಲೆ ಯಾರಿಗೇನು ಕಣ್ಣು?’ ಎಂಬುದು ಮೊದಲ ಸಮಾಧಾನ. ಕಳ್ಳ ಮನೆ ನೋಡಿ ಬರುತ್ತಾನೆ ಎಂದು ನಂಬಿದವರ ಮಾತು ಇದು. ಇಲ್ಲಿ ಹುಡುಕುವುದು ಯಂತ್ರ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಹೊರತಂದ ಜೀಮ್ಯಾಪ್ ಎಂಬ ತಂತ್ರಾಂಶ ಇಂಟರ್‌ನೆಟ್ಟಿನ ಹಳೆಯ ಮಾದರಿಯ ಅಷ್ಟೂ ವಿಳಾಸಗಳ ಒಂದು ಪೋರ್ಟನ್ನು ಮುಕ್ಕಾಲು ಗಂಟೆಯೊಳಗೆ ತಟ್ಟಿ ನೋಡಬಲ್ಲದು. ಶ್ಯಾಡೋಸರ್ವರ್ ಫೌಂಡೇಶನ್ 2022ರಲ್ಲಿ ಹೀಗೆ ತಟ್ಟಿ ನೋಡಿದಾಗ 36 ಲಕ್ಷ ಮೈಎಸ್‌ಕ್ಯುಎಲ್ ಸರ್ವರ್‌ಗಳು ಉತ್ತರ ಕೊಟ್ಟವು. 2017ರ ಫೆಬ್ರವರಿಯಲ್ಲಿ ಇಂಥ ತೆರೆದ ಡೇಟಾಬೇಸ್‌ಗಳಿಗೆ ಪಾಸ್‌ವರ್ಡ್ ಊಹಿಸಿ ನುಗ್ಗಿದವರು ಇದ್ದದ್ದನ್ನು ಅಳಿಸಿ, 0.2 ಬಿಟ್‌ಕಾಯಿನ್ ಕೊಡಿ ಎಂದು ಚೀಟಿ ಬಿಟ್ಟುಹೋದರು. ಅವರು ಯಾರ ಹೆಸರನ್ನೂ ಕೇಳಿರಲಿಲ್ಲ.

‘ಹಾಗಾದರೆ ನನ್ನ ಮನೆಯ ವಿಳಾಸಕ್ಕೆ ಮಾತ್ರ ಬಾಗಿಲು ತೆರೆಯುತ್ತೇನೆ’ ಎಂಬುದು ಎರಡನೆಯ ಸಮಾಧಾನ. ಇದು ಮೊದಲಿನದಕ್ಕಿಂತ ಮೇಲು, ಆದರೂ ಸಾಲದು. ಮನೆಯ ಬ್ರಾಡ್‌ಬ್ಯಾಂಡಿನ ವಿಳಾಸ ಸಾಮಾನ್ಯವಾಗಿ ಬದಲಾಗುತ್ತಲೇ ಇರುತ್ತದೆ. ಎಷ್ಟೋ ಕಡೆ ನೂರಾರು ಮನೆಗಳು ಹೊರಗೆ ಒಂದೇ ವಿಳಾಸದಲ್ಲಿ ಕಾಣಿಸಿಕೊಳ್ಳುತ್ತವೆ. ಇವತ್ತು ಒಬ್ಬನಿಗೆಂದು ತೆರೆದದ್ದು ನಾಳೆ ಪಕ್ಕದ ಬಿಲ್ಡಿಂಗಿನವನಿಗೂ ತೆರೆದಿರಬಹುದು. ಜೊತೆಗೆ ದಾರಿಯ ಮೇಲಿನ ಅಪಾಯವೂ ಇದೆ. ಮೈಎಸ್‌ಕ್ಯುಎಲ್ಲಿನ ಈಚಿನ ಆವೃತ್ತಿಗಳು ಸಾಧ್ಯವಾದರೆ ಗೂಢಲಿಪಿಯಲ್ಲಿ ಮಾತಾಡುತ್ತವೆ. ಸರ್ವರಿಗೆ ಅದು ಬರದಿದ್ದರೆ, ಕಡ್ಡಾಯ ಮಾಡಿರದಿದ್ದರೆ, ಏನೂ ಹೇಳದೆ ಬಿಚ್ಚುಮಾತಿಗೆ ಇಳಿಯುತ್ತವೆ. ಕಾಫಿ ಅಂಗಡಿಯ ವೈಫೈಯಲ್ಲಿ ಕೂತವನಿಗೆ ಇದು ಗೊತ್ತೇ ಆಗುವುದಿಲ್ಲ.

ಸರಿಯಾದ ದಾರಿ ಹೊಸದೂ ಅಲ್ಲ, ದುಬಾರಿಯೂ ಅಲ್ಲ. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದಾಲಿಸಿದರು. ಅಲ್ಲಿನ ತತು ಊಲೊನೆನ್ ಅದೇ ವರ್ಷ ಎಸ್‌ಎಸ್‌ಎಚ್ ಬರೆದು ಹಂಚಿದರು. ಅದರೊಳಗೇ ಸುರಂಗ ತೋಡುವ ಅನುಕೂಲವಿದೆ. ಡೇಟಾಬೇಸಿನ ಬಾಗಿಲು ಹೊರಕ್ಕೆ ಮುಚ್ಚಿಯೇ ಇರುತ್ತದೆ. ಲ್ಯಾಪ್‌ಟಾಪು ಮೊದಲು ಎಸ್‌ಎಸ್‌ಎಚ್ ಮೂಲಕ ಸರ್ವರಿನೊಳಗೆ ಹೋಗುತ್ತದೆ. ಲ್ಯಾಪ್‌ಟಾಪಿನ 3307ನೇ ಪೋರ್ಟಿಗೆ ಕೊಟ್ಟದ್ದೆಲ್ಲ ಗೂಢಲಿಪಿಯಲ್ಲಿ ಸಾಗಿ ಸರ್ವರಿನದೇ 3306ಕ್ಕೆ ಮುಟ್ಟುತ್ತದೆ. ಡೇಟಾಬೇಸಿನ ಕಣ್ಣಿಗೆ ಮಾತಾಡುತ್ತಿರುವವನು ಮನೆಯೊಳಗಿನವನೇ. ಇದಕ್ಕೆ ಬೇಕಾದದ್ದು ಒಂದು ಸಾಲಿನ ಆಜ್ಞೆ. ಮೈಎಸ್‌ಕ್ಯುಎಲ್ ವರ್ಕ್‌ಬೆಂಚಿನಂಥ ತಂತ್ರಾಂಶಗಳಲ್ಲಿ ಅದೂ ಬೇಡ, ಎಸ್‌ಎಸ್‌ಎಚ್ ಮೂಲಕ ಎಂಬ ಆಯ್ಕೆಯೇ ಇದೆ.

ಒಂದೆರಡು ಎಚ್ಚರ ಬೇಕು. ಪಾಸ್‌ವರ್ಡಿನ ಬದಲು ಕೀಲಿ ಜೋಡಿ ಬಳಸಬೇಕು, ಖಾಸಗಿ ಕೀಲಿಗೂ ಗುಪ್ತವಾಕ್ಯದ ಕಾವಲಿರಬೇಕು. ಮೊದಲ ಸಲ ಸರ್ವರ್ ತನ್ನ ಗುರುತು ತೋರಿಸಿದಾಗ ಕಣ್ಣುಮುಚ್ಚಿ ‘ಹೌದು’ ಎನ್ನದೆ, ಹೋಸ್ಟಿಂಗಿನವರು ಕೊಟ್ಟ ಗುರುತಿನೊಂದಿಗೆ ಹೋಲಿಸಿ ನೋಡಬೇಕು. ಪಟ್ಟಿ ಓದುವುದಷ್ಟೇ ಕೆಲಸವಾದವನಿಗೆ ಅಳಿಸುವ ಅಧಿಕಾರ ಕೊಡಬಾರದು. ‘ಕಡಿಮೆ ದರದ ಹೋಸ್ಟಿಂಗಿನಲ್ಲಿ ಎಸ್‌ಎಸ್‌ಎಚ್ ಕೊಡುವುದಿಲ್ಲ’ ಎಂಬ ಆಕ್ಷೇಪ ನ್ಯಾಯವಾದದ್ದೇ. ಹಾಗಿದ್ದರೆ ಹೋಸ್ಟಿಂಗಿನ ಫಲಕದಲ್ಲೇ ಬ್ರೌಸರಿನ ಮೂಲಕ ಕೆಲಸ ಮಾಡಬಹುದು, ಇಲ್ಲವೇ ಎಸ್‌ಎಸ್‌ಎಚ್ ಇರುವ ಕಡೆಗೆ ಹೋಗಬಹುದು. ವಾರ್ಷಿಕೋತ್ಸವದ ಶಾಲು, ಹಾರಗಳ ಲೆಕ್ಕ ಹಾಕುವ ಸಂಘಕ್ಕೆ ಆ ವ್ಯತ್ಯಾಸದ ಹಣ ದೊಡ್ಡದಲ್ಲ.

ಇಷ್ಟಾದರೂ ಇದು ‘ಕಂಪ್ಯೂಟರ್ ಹುಡುಗನ’ ವಿಷಯ ಎಂದು ಸಮಿತಿಗಳು ಕೈತೊಳೆದುಕೊಳ್ಳುವುದೇ ಹೆಚ್ಚು. ಕಾನೂನು ಹಾಗೆ ನೋಡುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾಹಿತಿ ಸಂಗ್ರಹಿಸಿದ ಸಂಸ್ಥೆಯೇ ಅದರ ರಕ್ಷಣೆಗೆ ಹೊಣೆ; ಬೇರೆಯವರ ಕೈಯಲ್ಲಿ ಕೆಲಸ ಮಾಡಿಸಿದರೂ ಹೊಣೆ ಸಂಸ್ಥೆಯದೇ. ತಕ್ಕ ಭದ್ರತೆ ಇಟ್ಟಿರದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಕಾಯ್ದೆ ಹಂತಹಂತವಾಗಿ ಜಾರಿಗೆ ಬರುತ್ತಿದೆ. ಚಿಕ್ಕ ಸಂಘಕ್ಕೆ ಯಾರೂ ಅಷ್ಟು ದಂಡ ಹಾಕಲಾರರು ಎಂದೇ ಇಟ್ಟುಕೊಳ್ಳೋಣ. ನಂಬಿ ಅರ್ಜಿ ತುಂಬಿಕೊಟ್ಟ ಕುಟುಂಬಕ್ಕೆ ಸಮಿತಿ ಏನು ಉತ್ತರ ಹೇಳುತ್ತದೆ? ಮಗಳ ಫೋಟೋ, ಫೋನ್ ನಂಬರು ಒಮ್ಮೆ ಹೊರಗೆ ಹೋದರೆ ಕ್ಷಮಾಪಣೆ ಪತ್ರ ಅದನ್ನು ವಾಪಸು ತರುವುದಿಲ್ಲ.

ಆದ್ದರಿಂದ ಮುಂದಿನ ಸಭೆಯಲ್ಲಿ ಕಾರ್ಯದರ್ಶಿಯವರು ಮೂರು ಪ್ರಶ್ನೆ ಕೇಳಬೇಕು. ನಮ್ಮ ಡೇಟಾಬೇಸ್ ಹೊರಗಿನವರು ತಟ್ಟಿದರೆ ಉತ್ತರ ಕೊಡುತ್ತದೆಯೇ? ಕೀಲಿ ಯಾರು ಯಾರ ಬಳಿ ಇದೆ? ಕಳೆದ ವರ್ಷ ಕೆಲಸ ಬಿಟ್ಟು ಬೆಂಗಳೂರಿಗೆ ಹೋದವರ ಕೀಲಿ ರದ್ದಾಗಿದೆಯೇ? ಈ ಪ್ರಶ್ನೆಗಳನ್ನು ಕೇಳಲು ಕಂಪ್ಯೂಟರ್ ಗೊತ್ತಿರಬೇಕಾಗಿಲ್ಲ. ಹಿಂದೆ ಬೀರುವಿನ ಕೀಲಿಯನ್ನು ಜೋಪಾನ ಮಾಡಿದವರಿಗೂ ಇಷ್ಟೇ ಗೊತ್ತಿತ್ತು.