ವೈಫೈಗೆ ಕನ್ನಡದಲ್ಲಿ ಹೆಸರಿಟ್ಟರೆ ಫೋನ್ ಕೆಡುತ್ತದೆಯೇ?

ನಿಮ್ಮ ಮನೆಯ ವೈಫೈಗೆ ‘ಬಸವನಗುಡಿ ಮನೆ’ ಎಂದು ಕನ್ನಡದಲ್ಲೇ ಹೆಸರಿಡಲು ಹೋದಿರಿ ಎಂದುಕೊಳ್ಳಿ. ಹೆಸರು ಉದ್ದವಾಯಿತೆಂದು ರೌಟರ್ ತಿರಸ್ಕರಿಸಬಹುದು. ಅಥವಾ ಕೊನೆಯನ್ನು ಕತ್ತರಿಸಿಬಿಡಬಹುದು. ಆಗ ಫೋನಿನ ಪಟ್ಟಿಯಲ್ಲಿ ‘ಬಸವನಗುಡಿ ಮನ’ ಎಂದು ಕಂಡು, ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಕೂತಿರುತ್ತದೆ. ವೈರಸ್ ಬಂತೇ, ಯಾರಾದರೂ ಹ್ಯಾಕ್ ಮಾಡಿದರೇ ಎಂಬ ಅನುಮಾನ ಸಹಜ. ಆ ಅನುಮಾನ ಫ್ಯಾಮಿಲಿ ಗ್ರೂಪಿಗೆ ಹೋದರೆ ಸಂಜೆಯೊಳಗೆ ಅದೊಂದು ಎಚ್ಚರಿಕೆಯ ಫಾರ್ವರ್ಡ್!

ಇಲ್ಲಿ ನಡೆದಿರುವುದು ಬರೀ ಜಾಗದ ಲೆಕ್ಕ. ವೈಫೈ ಹೆಸರಿಗೆ ನಿಯಮದ ಪ್ರಕಾರ ಸಿಗುವ ಜಾಗ 32 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಇಂದಿನ ಫೋನ್‌ಗಳು ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರ ಮಾಡುವ ಅರ್ಧಾಕ್ಷರ ಚಿಹ್ನೆ, ಎಲ್ಲವೂ ಬೇರೆ ಬೇರೆ. ‘ಮಲ್ಲೇಶ್ವರಂ’ ಪದದ ‘ಲ್ಲೇ’ ನಮ್ಮ ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿಗೆ ಅದು 12 ಬೈಟ್. ಇಡೀ ‘ಮಲ್ಲೇಶ್ವರಂ’ 30 ಬೈಟ್, ‘ಚಾಮರಾಜಪೇಟೆ’ಯೂ 30. ಎರಡೂ ಅಂಚಿನಲ್ಲಿ ಪಾರು. ‘ಬಸವನಗುಡಿ’ 24, ನಡುವಿನ ಖಾಲಿ ಜಾಗ 1, ‘ಮನೆ’ 9, ಒಟ್ಟು 34. ಎರಡು ಬೈಟ್ ಹೆಚ್ಚಾಗಿ, ಕೊನೆಯ ಎತ್ವದ ಚಿಹ್ನೆ ಮಧ್ಯದಲ್ಲೇ ತುಂಡಾಯಿತು. ಮನೆ ‘ಮನ’ ಆಗಿದ್ದು ಹೀಗೆ.

(ಹಳೆಯ ‘ನುಡಿ’ ಫಾಂಟ್‌ಗಳಲ್ಲಿ ಅಕ್ಷರದ ಒಂದೊಂದು ತುಂಡಿಗೂ ಒಂದೇ ಬೈಟ್ ಸಾಕಾಗುತ್ತಿತ್ತು. ಆದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಏನು ಕಾಣುತ್ತಿತ್ತೆಂದು ಬಲ್ಲವರೇ ಬಲ್ಲರು.)

ಕತ್ತರಿಸಿದರೆ ಹೆಸರು ವಿಕಾರವಾಗುತ್ತದೆ, ಅಷ್ಟೇ. ಅಳತೆಯನ್ನೇ ನೋಡದೆ ತುಂಬಿದರೆ ನಿಜವಾದ ಅಪಾಯ. ಬುಲ್ ಟೆಂಪಲ್ ರಸ್ತೆಯ ಕಡಲೆಕಾಯಿ ಪರಿಷೆಯಲ್ಲಿ ಒಂದು ಸೇರಿನ ಚೀಲಕ್ಕೆ ಎಂಟು ಸೇರು ಸುರಿದರೆ ಉಳಿದದ್ದು ರಸ್ತೆಗೆ ಚೆಲ್ಲುತ್ತದೆ. ಕಂಪ್ಯೂಟರಿನ ನೆನಪಿನಲ್ಲಿ ಚೀಲಗಳು ಒತ್ತೊತ್ತಾಗಿವೆ. ಚೆಲ್ಲಿದ್ದು ಪಕ್ಕದ ಚೀಲಕ್ಕೆ ಬಿದ್ದು ಅಲ್ಲಿದ್ದ ಮಾಹಿತಿಯನ್ನು ಅಳಿಸುತ್ತದೆ. ಈ ಚೀಲಕ್ಕೆ ‘ಬಫರ್’ ಎಂದು ಹೆಸರು.

ಇದು ಊಹೆಯ ಮಾತಲ್ಲ. ಆಂಡ್ರಾಯ್ಡ್ ಫೋನ್ ಮತ್ತು ಲಿನಕ್ಸ್ ಯಂತ್ರಗಳನ್ನು ವೈಫೈಗೆ ಜೋಡಿಸುವ ‘ಡಬ್ಲ್ಯೂಪಿಎ ಸಪ್ಲಿಕೆಂಟ್’ ಎಂಬ ತಂತ್ರಾಂಶದಲ್ಲಿ 2015ರ ಏಪ್ರಿಲ್‌ನಲ್ಲಿ ಇಂಥದ್ದೇ ದೋಷ ಬಯಲಾಯಿತು. ಪತ್ತೆ ಮಾಡಿದ್ದು ಚೀನಾದ ಅಲಿಬಾಬಾ ಕಂಪನಿಯ ಭದ್ರತಾ ತಂಡ. ಬೇರೆ ಸಾಧನದಿಂದ ಬರುವ ಹೆಸರಿನ ಜೊತೆಗೇ ಅದರ ಉದ್ದವೂ ಬರುತ್ತದೆ. ಆ ಉದ್ದ 255ರವರೆಗೂ ಇರಬಹುದು. ಕಳಿಸಿದವರು ಹೇಳಿದ ಅಳತೆಯನ್ನೇ ನಂಬಿ, ವೈಫೈ ಡೈರೆಕ್ಟ್‌ಗೆ ಸಂಬಂಧಿಸಿದ ಕೋಡ್ ಅದನ್ನು 32 ಬೈಟಿನ ಬಫರಿಗೆ ಸುರಿಯುತ್ತಿತ್ತು. 223 ಬೈಟ್‌ವರೆಗೂ ಹೊರಗೆ ಚೆಲ್ಲಬಹುದಾಗಿತ್ತು. ವೈಫೈ ವ್ಯಾಪ್ತಿಯೊಳಗಿರುವ ಕಿಡಿಗೇಡಿ ಫೋನಿನ ವೈಫೈ ಕೆಡಿಸಬಹುದಿತ್ತು, ಒಳಗೆ ತನ್ನ ಕೋಡ್ ಓಡಿಸುವ ಸಾಧ್ಯತೆಯೂ ಇತ್ತು. 1.0ರಿಂದ 2.4ರವರೆಗಿನ ಆವೃತ್ತಿಗಳಲ್ಲಿ ಈ ದೋಷವಿತ್ತು.

ಪರಿಹಾರ ಎಷ್ಟು ದೊಡ್ಡದು ಗೊತ್ತೇ? ‘ಉದ್ದ 32ನ್ನು ಮೀರಿಲ್ಲ ತಾನೇ?’ ಎಂದು ಕೇಳುವ ಒಂದೇ ಷರತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಂದ 2.5ರಲ್ಲಿ ಅದು ಸೇರಿತು.

ಬಫರ್ ದೊಡ್ಡದು ಮಾಡಿದರೆ ಸಾಲದೇ ಎಂದು ಕೇಳಬಹುದು. ಕೆಲವು ಕಡೆ ಅದೇ ಸರಿ. ಹೆಸರನ್ನು ಪರದೆಗೆ ಬರೆಯುವಾಗ ಇದೇ ತಂತ್ರಾಂಶ ಇಂಗ್ಲಿಷೇತರ ಬೈಟ್ ಒಂದನ್ನು ನಾಲ್ಕು ಚಿಹ್ನೆಗಳಾಗಿ ಬಿಡಿಸುತ್ತದೆ. ಹಾಗಾಗಿ ಅಲ್ಲಿ 32 × 4, ಕೊನೆಗುರುತಿಗೆ 1, ಒಟ್ಟು 129ರ ಜಾಗ ಇಟ್ಟಿದ್ದಾರೆ. ಆದರೆ ಹೊರಗಿನಿಂದ ಬರುವುದಕ್ಕೆ ನಿಯಮದ ಮಿತಿ 32 ಇರುವಾಗ, ಮೀರಿದ್ದನ್ನು ಬಾಗಿಲಲ್ಲೇ ತಡೆಯುವುದು ಸರಿಯಾದ ದಾರಿ.

ಹಾಗಾದರೆ ಅಕ್ಷರದಿಂದ ಫೋನ್ ಕೆಡುವುದೆಲ್ಲ ಸುಳ್ಳೇ? ಪೂರ್ತಿ ಸುಳ್ಳಲ್ಲ. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಬಂದರೆ ಐಫೋನಿನ ಆ್ಯಪ್‌ಗಳು ಮುಚ್ಚಿಕೊಳ್ಳುತ್ತಿದ್ದವು, ಐಒಎಸ್ 11.2.6 ಅದನ್ನು ಸರಿಮಾಡಿತು. 2021ರಲ್ಲಿ ಶೇಕಡಾ ಚಿಹ್ನೆಗಳಿದ್ದ ಒಂದು ವೈಫೈ ಹೆಸರು ಐಫೋನಿನ ವೈಫೈಯನ್ನೇ ನಿಲ್ಲಿಸುತ್ತಿತ್ತು, ಅದರಲ್ಲಿ ಒಂದೂ ಭಾರತೀಯ ಅಕ್ಷರ ಇರಲಿಲ್ಲ. ಎರಡೂ ಕಡೆ ತಪ್ಪು ಓದುವ ತಂತ್ರಾಂಶದ್ದು, ಬರೆದ ಅಕ್ಷರದ್ದಲ್ಲ. ಯಾವ ತಂತ್ರಾಂಶ, ಯಾವ ಆವೃತ್ತಿ, ಸರಿಯಾಗಿದ್ದು ಯಾವಾಗ ಎಂಬುದನ್ನು ಹೇಳದ ಫಾರ್ವರ್ಡನ್ನು ಮುಂದೆ ಕಳಿಸುವ ಅಗತ್ಯವಿಲ್ಲ.

ನೀವು ಚಿಂತಿಸಬೇಕಾದದ್ದು ಅಪ್‌ಡೇಟ್ ಬಗ್ಗೆ. ಸರಿಪಡಿಸಿದ ಸಾಲು ನಿಮ್ಮ ಫೋನಿಗೆ ಬರುವುದು ಕಂಪನಿ ಕಳಿಸಿದಾಗ ಮಾತ್ರ. ಅಪ್‌ಡೇಟ್ ನಿಂತುಹೋದ ಹಳೆಯ ಫೋನ್‌ನಲ್ಲಿ ಅಂದಿನ ತೂತು ಇಂದಿಗೂ ತೆರೆದೇ ಇರಬಹುದು. ಅಂಥ ಫೋನ್ ಅಜ್ಜಿಯ ಕೈಯಲ್ಲಿದ್ದರೆ ಹೊರಗೆ ಹೋಗುವಾಗ ವೈಫೈ ಆಫ್ ಮಾಡಿಕೊಡಿ. ಮನೆಯ ವೈಫೈಗೆ ‘ಬಸವನಗುಡಿ’ ಎಂದಷ್ಟೇ ಇಡಿ, ಎಂಟು ಬೈಟ್ ಇನ್ನೂ ಉಳಿಯುತ್ತದೆ.