ನಿಂಬೆಹಣ್ಣಿನ ಮರೆಯಲ್ಲಿ

ಹೋದ ವರ್ಷ ಬೆಂಗಳೂರಿಗೆ ತಮ್ಮನ ಮನೆಗೆ ಹೋಗಿದ್ದೆ. ಭಾನುವಾರ ಸಂಜೆ ಅವನ ಸ್ನೇಹಿತರು ಸಂಸಾರ ಸಮೇತ ಬಂದಿದ್ದರು. ತಮ್ಮನ ಹೆಂಡತಿ ಉದ್ದನೆಯ ಗಾಜಿನ ಲೋಟ ತಂದು ಕೈಗಿತ್ತು, 'ನಿಂಬೆ ಶರಬತ್ತು ಅಕ್ಕಾ, ಹೆಂಗಸರಿಗೆ ಅಂತಲೇ ಮಾಡಿದ್ದು' ಎಂದಳು. ಬಾಯಾರಿತ್ತು, ಅರ್ಧ ಕುಡಿದೆ. ಸಿಹಿ, ಹುಳಿ, ಸೋಡಾದ ಚುರುಕು ಎಲ್ಲ ಹದವಾಗಿತ್ತು. ಆಮೇಲೆ ದೇವದಾರು ಚಕ್ಕೆಯಂಥ ವಾಸನೆ ಮೂಗಿಗೆ ಬಂತು. ಏನಿದು ಎಂದರೆ ಎಲ್ಲರೂ ನಕ್ಕರು. 'ಜಿನ್ನು ಅಕ್ಕಾ, ಟಾಮ್ ಕಾಲಿನ್ಸ್ ಅಂತಾರೆ. ಲೇಡೀಸ್ ಡ್ರಿಂಕು, ಏನೂ ಆಗಲ್ಲ.'

ಏನೂ ಆಗಲ್ಲವೇ? ತಮ್ಮ ಹೆಮ್ಮೆಯಿಂದ ಅಳತೆ ಹೇಳಿದ: ಜಿನ್ನು 60 ಎಂ.ಎಲ್., ನಿಂಬೆರಸ 30, ಸಕ್ಕರೆ ಪಾಕ 15, ಮೇಲೆ ಐಸು, ಸೋಡಾ. ನಾನು ವಿಜ್ಞಾನ ಓದಿದವಳಲ್ಲ, ಬರೀ ಬಿ.ಎ., ಬಿ.ಎಡ್. ಆದರೂ ಶೇಕಡಾ ಲೆಕ್ಕ ಬರುತ್ತದೆ. ಬಾಟಲಿಯ ಮೇಲೆ ಶೇ. 42.8 ಎಂದು ಅಚ್ಚಾಗಿತ್ತು. ಅಂದರೆ ಒಂದು ಲೋಟದಲ್ಲಿ 25 ಎಂ.ಎಲ್.ಗೂ ಮೀರಿದ ಆಲ್ಕೋಹಾಲು. ತಮ್ಮನ ಕೈಲಿದ್ದ ವಿಸ್ಕಿ ಬಾಟಲಿಯ ಮೇಲೂ ಅದೇ 42.8! ಗಂಡಸಿನ ಲಾರ್ಜು ಪೆಗ್ಗಿಗೂ ನಮ್ಮ 'ಶರಬತ್ತಿ'ಗೂ ಗುಲಗಂಜಿಯಷ್ಟೂ ವ್ಯತ್ಯಾಸವಿಲ್ಲ. ಹೆಂಗಸಿನ ಮೈಯಲ್ಲಿ ನೀರಿನಂಶ ಕಡಿಮೆ. ಅಷ್ಟೇ ಕುಡಿದರೂ ರಕ್ತಕ್ಕೆ ಹೆಚ್ಚು ಏರುತ್ತದೆ. ನಿಂಬೆಹಣ್ಣು ಇದರಲ್ಲಿ ಒಂದು ಹನಿಯನ್ನೂ ಕಡಿಮೆ ಮಾಡುವುದಿಲ್ಲ, ನಾಲಿಗೆಗೆ ಸುಳ್ಳು ಹೇಳುತ್ತದೆ ಅಷ್ಟೆ. ಎರಡನೆಯ ಸುತ್ತಿಗೆ ಯಾರೂ ಅಳತೆ ಹಿಡಿಯಲಿಲ್ಲ ಅನ್ನುವುದನ್ನೂ ಕಣ್ಣಾರೆ ಕಂಡೆ.

ತಾಯಂದಿರೇ, ಕುಡಿಯುವವರ ಮೇಲಲ್ಲ ನನ್ನ ಸಿಟ್ಟು, ಈ ನಯವಾದ ಹೆಸರುಗಳ ಮೇಲೆ. ಕ್ಯಾಲನೂರಿನಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೆಳಿಗ್ಗೆ ಶಾಲೆಯ ಜಗಲಿ ಗುಡಿಸಿದರೆ ಸಾರಾಯಿ ಪ್ಯಾಕೆಟ್ಟಿನ ಖಾಲಿ ಕವರುಗಳು ಸಿಗುತ್ತಿದ್ದವು. ಅಪ್ಪ ಕುಡಿದು ಬಿದ್ದಿದ್ದಾನೆಂದು ಮಕ್ಕಳು ನೋಟುಪುಸ್ತಕವಿಲ್ಲದೆ ಬರುತ್ತಿದ್ದರು. 2007ರ ಜುಲೈನಿಂದ ಸರ್ಕಾರ ಸಾರಾಯಿ ನಿಲ್ಲಿಸಿತು. ಪೇಟೆಯ ದೊಡ್ಡವರೆಲ್ಲ ಭೇಷ್ ಎಂದರು. ಕೂಲಿಯವನು ಅಗ್ಗದ ವಿಸ್ಕಿಯ ಪೊಟ್ಟಣಕ್ಕೆ ಹೊರಳಿದ. 2019ರ ಜನವರಿಯಲ್ಲಿ ಸಾವಿರಾರು ಬಡ ಹೆಂಗಸರು ಮದ್ಯ ನಿಲ್ಲಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. ಅದೇ ಬೆಂಗಳೂರಿನ ಮಹಡಿ ಮನೆಗಳಲ್ಲಿ ನಾವು ಬಾರನ್ನು ಅಡುಗೆಮನೆಗೇ ಕರೆತಂದು ಅದಕ್ಕೆ 'ಟೇಸ್ಟು' ಎನ್ನುತ್ತೇವೆ. ಅವನದು ಚಟ, ನಮ್ಮದು ರುಚಿ!

ಈ ಜಿನ್ನೇನು ಹುಟ್ಟಾ ದೊಡ್ಡಮನೆಯದೇ? ಹದಿನೆಂಟನೇ ಶತಮಾನದ ಲಂಡನ್ನಿನಲ್ಲಿ ಅದು ಕಡುಬಡವರ ಸಾರಾಯಿ. ಹೆಂಗಸರೂ ಅದಕ್ಕೆ ಬಿದ್ದರು. 1751ರಲ್ಲಿ ಹೋಗಾರ್ತ್ ಎಂಬ ಚಿತ್ರಕಾರ, ಅಮಲಿನಲ್ಲಿ ಕೈಮಗು ಜಾರಿ ಬೀಳುತ್ತಿರುವುದೂ ತಿಳಿಯದ ತಾಯಿಯೊಬ್ಬಳನ್ನು ಬರೆದ. ಅದೇ ವರ್ಷ ಅಲ್ಲಿನ ಪಾರ್ಲಿಮೆಂಟು ಜಿನ್ನಿನ ಮಾರಾಟಕ್ಕೆ ಬಿಗಿ ಕಾನೂನು ತಂದಿತು.

ಅಂದು ಲೋಟ ಇಡಲು ಅಡುಗೆಮನೆಗೆ ಹೋದೆ. ಒಂಬತ್ತನೇ ಕ್ಲಾಸಿನ ತಮ್ಮನ ಮಗಳು ಮೂರನೇ ಸುತ್ತಿಗೆ ನಿಂಬೆಹಣ್ಣು ಹಿಂಡುತ್ತಿದ್ದಳು. ರಾಮನವಮಿ ಪಾನಕಕ್ಕೆ ಹಿಂಡುವ ಅದೇ ಮರದ ಒತ್ತು. 'ಅತ್ತೇ, ನಾನೂ ಒಂಚೂರು ಕುಡಿಯಲಾ? ಶರಬತ್ತು ತಾನೇ' ಎಂದಳು.

ಊರಿಗೆ ಬಂದು ತಮ್ಮನಿಗೆ ಫೋನು ಮಾಡಿದೆ. ಕುಡಿಯುವುದಾದರೆ ಹೆಸರು ಹೇಳಿ, ಅಳೆದು ಕುಡಿಯಿರಿ. ಮಗಳ ಕೈಲಿ ಮಾಡಿಸಬೇಡಿ. ಬೇಸಿಗೆ ರಜೆಗೆ ಅವಳನ್ನು ಇಲ್ಲಿಗೆ ಕಳಿಸು ಎಂದೆ. 'ನೀನು ಇನ್ನೂ ಕ್ಯಾಲನೂರಿನಲ್ಲೇ ಇದ್ದೀಯ ಅಕ್ಕಾ' ಎಂದು ನಕ್ಕ. ಹುಡುಗಿಯನ್ನು ಕಳಿಸುವ ಮಾತು ಮಾತ್ರ ಆಡಲಿಲ್ಲ.