ಊರಿನ ಹೆಸರಿಗೆ ಕ್ರಯಪತ್ರ ಉಂಟೆ?

ಕಾಲೇಜಿನಲ್ಲಿ ವ್ಯಾಕರಣ ಹೇಳುವವನಿಗೂ ಕ್ರಿಕೆಟ್ ತಂಡದ ಮಾರಾಟಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ಉಂಟು, ಅದು ಷಷ್ಠೀ ವಿಭಕ್ತಿಯ ಸಂಬಂಧ. ‘ಈ ಸಲ ಕಪ್ ನಮ್ದೇ’ ಎಂಬ ಮಾತನ್ನು ಚಿತ್ರದುರ್ಗದ ಬೀದಿಗಳಲ್ಲಿ, ಹಿರಿಯೂರಿನ ಬಸ್ ನಿಲ್ದಾಣದಲ್ಲಿ, ಹೊಸದುರ್ಗದ ಕ್ಷೌರದಂಗಡಿಯಲ್ಲಿ, ಹೊಳಲ್ಕೆರೆಯ ಅಡಿಕೆ ತೋಟಗಳಲ್ಲಿ ವರ್ಷಗಟ್ಟಲೆ ಕೇಳಿದ್ದೇನೆ. ‘ನಮ್ಮ’ ಎಂಬುದು ಷಷ್ಠಿ. ಕೊನೆಯ ಏಕಾರ ಅವಧಾರಣೆ. ಎಂದರೆ, ನಮ್ಮದಲ್ಲದೆ ಮತ್ತಾರದೂ ಅಲ್ಲ ಎಂಬ ಒತ್ತು. ಹೀಗೆ ಒತ್ತಿ ಹೇಳಿದವರಿಗೆ ಆ ವಸ್ತುವಿನಲ್ಲಿ ಕವಡೆ ಕಾಸಿನ ಹಕ್ಕೂ ಇರಲಿಲ್ಲವೆಂಬುದು 2025ರ ನವೆಂಬರ್ 5ರಂದು ಬಯಲಾಯಿತು.

ಅಂದು ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ಒಡೆತನ ಹೊಂದಿದ್ದ ಯುನೈಟೆಡ್ ಸ್ಪಿರಿಟ್ಸ್ ಕಂಪೆನಿಯು, ತಂಡದಲ್ಲಿ ತಾನು ತೊಡಗಿಸಿದ ಬಂಡವಾಳವನ್ನು ಪರಾಮರ್ಶಿಸುತ್ತಿರುವುದಾಗಿ ಷೇರುಪೇಟೆಗೆ ತಿಳಿಸಿತು. 17 ವರ್ಷ ಬರಿಗೈಯಲ್ಲಿ ಕಾದು, 18ನೆಯ ವರ್ಷ, ಜೂನ್ 3ರಂದು ಕಪ್ಪನ್ನು ಕಂಡವರು ನಾವು. ಐದು ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಹುಡುಗರು ಮಾರಾಟದ ಮಾತು ಕೇಳಿದರು. ಹೊಳಲ್ಕೆರೆ ಕಡೆಯ ಒಬ್ಬ ವಿದ್ಯಾರ್ಥಿ ಪಾಠದ ನಡುವೆ ಎದ್ದು ನಿಂತು, “ಸಾರ್, ಕೊಂಡ್ಕೊಂಡೋರು ತಂಡಾನ ಬೇರೆ ಊರಿಗೆ ಹೊತ್ಕೊಂಡು ಹೋದ್ರೆ?” ಎಂದ. ತರಗತಿ ನಗಲಿಲ್ಲ. ನನಗೂ ನಗು ಬರಲಿಲ್ಲ.

ಅಧ್ಯಾಪಕರ ಕೊಠಡಿಯಲ್ಲಿ ಮಾತ್ರ ನಗೆ ಎದ್ದಿತು. “ಮೇಷ್ಟ್ರೇ, ಅದು ವ್ಯಾಪಾರ. ಹಣ ಹಾಕಿದವನು ಮಾರುತ್ತಾನೆ, ಹಣ ಇದ್ದವನು ಕೊಳ್ಳುತ್ತಾನೆ. ಆ ತಂಡದಲ್ಲಿ ಕನ್ನಡದ ಹುಡುಗರಾದರೂ ಎಷ್ಟು ಮಂದಿ?” ಎಂದರು ನನ್ನ ಮಿತ್ರರೊಬ್ಬರು. ಲೋಕಾನುಭವದ ಮಾತೆಂದು ಎಲ್ಲರೂ ತಲೆದೂಗಿದರು. ಈ ಲೋಕಾನುಭವವನ್ನೇ ನಾನು ಪ್ರಶ್ನಿಸಬೇಕೆಂದಿದ್ದೇನೆ.

ಹಿರಿಯೂರಿನ ತೇರುಮಲ್ಲೇಶ್ವರನ ತೇರನ್ನು ಬಲ್ಲವರಿಗೆ ಒಂದು ಮಾತು. ತೇರಿಗೆ ಗಾಲಿ ಮಾಡಿಸಿಕೊಟ್ಟ ಧಣಿ ಒಬ್ಬನಿದ್ದಾನೆನ್ನಿ, ಹಗ್ಗ ಕೊಡಿಸಿದವನು ಇನ್ನೊಬ್ಬ. ಅವರ ಔದಾರ್ಯಕ್ಕೆ ನಮಸ್ಕಾರ. ಆದರೆ ನಾಳೆ ಆ ಧಣಿ ಬಂದು, ‘ಗಾಲಿ ನನ್ನದು, ತೇರನ್ನು ಪರಸ್ಥಳಕ್ಕೆ ಮಾರಿದ್ದೇನೆ’ ಎಂದರೆ ಊರು ಒಪ್ಪೀತೆ? ಮರ, ಗಾಲಿ, ಹಗ್ಗಗಳಿಗೆ ಬೆಲೆ ಕಟ್ಟಬಹುದು. ಎಳೆದ ಕೈಗಳಿಗೆ ಕಟ್ಟುವುದು ಹೇಗೆ? 2008ರಲ್ಲಿ ಈ ತಂಡವನ್ನು ಹರಾಜಿನಲ್ಲಿ ಕೊಂಡದ್ದು 11 ಕೋಟಿ 16 ಲಕ್ಷ ಡಾಲರಿಗೆ. ಅನಂತರದ ವರ್ಷಗಳಲ್ಲಿ ಅದರ ಬೆಲೆ ಎಷ್ಟೋ ಪಟ್ಟು ಏರಿತು. ಏರಿಸಿದವರಾರು? ಸೋತ ರಾತ್ರಿಗಳಲ್ಲೂ ಬಿಟ್ಟುಹೋಗದ ಜನ. ಆ ಜನರ ಭಾಷೆಯ ನಾಲ್ಕು ಪದಗಳೇ ದೇಶವೆಲ್ಲ ತಂಡದ ಗುರುತಾದುವು. ಊರಿನ ಹೆಸರನ್ನಂತೂ ಬಾಡಿಗೆಯಿಲ್ಲದೆ ಬಳಸಿದ್ದಾಯಿತು.

ಕನ್ನಡದ ಹುಡುಗರೆಷ್ಟು ಎಂಬ ಆಕ್ಷೇಪದಲ್ಲಿ ನಿಜವುಂಟು. ಆದರೆ ತಂಡದಲ್ಲಿ ನಮ್ಮವರು ಕಡಿಮೆಯಾದರೆ ಹೆಚ್ಚು ಮಂದಿಯನ್ನು ಸೇರಿಸಿಕೊಳ್ಳಿ ಎಂದು ಕೇಳಬೇಕೇ ಹೊರತು, ತಂಡವೇ ಹೋಗಲಿ ಎನ್ನುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ.

‘ಎಲ್ಲಿಗೆ ಹೋದೀತು, ಸುಮ್ಮನೆ ಹೆದರುತ್ತೀರಿ’ ಎನ್ನುವವರಿಗೆ ಕೆಲವು ನಿದರ್ಶನಗಳು. ಡೆಲ್ಲಿ ಡೈನಮೋಸ್ ಎಂಬ ಫುಟ್ಬಾಲ್ ತಂಡ 2019ರಲ್ಲಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಂಬ ಹೆಸರು ತಳೆಯಿತು. 2025ರಲ್ಲಿ ಹೈದರಾಬಾದಿನ ತಂಡ ದೆಹಲಿಗೆ ಹೋಯಿತು. ಇಂಗ್ಲೆಂಡಿನ ವಿಂಬಲ್ಡನ್ ತಂಡವನ್ನು ಮಿಲ್ಟನ್ ಕೀನ್ಸ್‌ಗೆ ಒಯ್ಯಲು 2002ರಲ್ಲಿ ಅನುಮತಿ ಸಿಕ್ಕಿದಾಗ, ಅಭಿಮಾನಿಗಳು ಅತ್ತು ಸುಮ್ಮನಾಗಲಿಲ್ಲ. ಅದೇ ವರ್ಷ ತಮ್ಮದೇ ತಂಡ ಕಟ್ಟಿದರು. ಕೆಳಗಿನ ಮೆಟ್ಟಿಲಿನಿಂದ ಆಡುತ್ತ ಬಂದು, 2020ರಲ್ಲಿ ತಮ್ಮ ಹಳೆಯ ಪ್ಲಾವ್ ಲೇನ್ ಬೀದಿಗೇ ಮರಳಿದರು. ಜರ್ಮನಿಯ ಫುಟ್ಬಾಲಿನಲ್ಲಿ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ತಂಡದ ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರ ಸಂಘದ ಕೈಯಲ್ಲೇ ಇರಬೇಕೆಂಬ ನಿಯಮ 1998ರಿಂದ ಉಂಟು. ಅಲ್ಲಿಯೂ ವ್ಯಾಪಾರ ನಡೆದೇ ಇದೆ. ಆಕಾಶ ಕಳಚಿ ಬಿದ್ದಿಲ್ಲ.

ಈ ಭಯಕ್ಕೆ ಇನ್ನೊಂದು ಬೇರುಂಟು; ಅದನ್ನು ಮುಚ್ಚಿಟ್ಟು ಬರೆದರೆ ನಾನು ಅಪ್ರಾಮಾಣಿಕನಾದೇನು. ಕಪ್ಪು ಬಂದ ಮರುದಿನ, ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಆಗಸ್ಟಿನಲ್ಲಿ ಮಹಿಳೆಯರ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನಿಂದ ನವಿ ಮುಂಬಯಿಗೆ ಹೋದುವು. ಪ್ರಾಣಕ್ಕಿಂತ ಪಂದ್ಯ ದೊಡ್ಡದಲ್ಲ. ಕ್ಷೇಮವಿಲ್ಲದ ಅಂಗಳದಲ್ಲಿ ಆಡಲೇಬೇಕೆಂದು ಹಠ ಹಿಡಿಯುವವನು ಅಭಿಮಾನಿಯಲ್ಲ. ಆದರೆ ಅಂಗಳವನ್ನು ಕ್ಷೇಮವಾಗಿಸುವುದು ಒಂದು ದಾರಿ, ಆಟವನ್ನೇ ಸಾಗಹಾಕುವುದು ಇನ್ನೊಂದು. ಮೊದಲನೆಯದು ಕಷ್ಟವೆಂದು ಎರಡನೆಯದನ್ನು ಹಿಡಿದರೆ ಸತ್ತವರಿಗೆ ನ್ಯಾಯ ಸಂದಂತಾಗದು.

ಇನ್ನು ನಮ್ಮ ತಪ್ಪಿನ ಲೆಕ್ಕ. ಯಾರೂ ಮಾರಲಾರದ, ಯಾರೂ ಕೊಳ್ಳಲಾರದ ತಂಡ ಒಂದು ನಮಗೆ ಇದ್ದೇ ಇದೆ. ಅದು ಕರ್ನಾಟಕದ ರಣಜಿ ತಂಡ. 1973–74ರಲ್ಲಿ ಮುಂಬಯಿಯ ದೀರ್ಘ ಪ್ರಾಬಲ್ಯವನ್ನು ಮುರಿದು ಮೊದಲ ಬಾರಿ ಗೆದ್ದ ಆ ತಂಡ, 2014–15ರ ವೇಳೆಗೆ 8 ಸಲ ಗೆದ್ದಿತ್ತು. ಅದರ ಆಟಕ್ಕೆ ನಾವೆಷ್ಟು ಜನ ಹೋದೆವು? ನನ್ನನ್ನೂ ಸೇರಿಸಿಯೇ ಕೇಳುತ್ತಿದ್ದೇನೆ. ನಮ್ಮ ಚಿತ್ರದುರ್ಗದಲ್ಲೇ ಒನಕೆ ಓಬವ್ವನ ಹೆಸರಿನ ಕ್ರೀಡಾಂಗಣ ಇದೆ. ಅಲ್ಲಿ ಆಡುವ ತಾಲ್ಲೂಕು ತಂಡಗಳ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಹೇಳಬಲ್ಲೆವು? ನಿಜವಾಗಿ ನಮ್ಮದಾದುದನ್ನು ಕಡೆಗಣಿಸಿ, ಪರರ ಸ್ವತ್ತಿನ ಮೇಲೆ ‘ನಮ್ದೇ’ ಎಂದು ಬರೆದುಕೊಂಡೆವು. ನಮ್ಮ ಷಷ್ಠಿ ದುರ್ಬಲವಾದದ್ದು ಅಲ್ಲಿ.

ಹಾಗೆಂದ ಮಾತ್ರಕ್ಕೆ ಕೇಳುವ ಹಕ್ಕು ಹೋಗದು. ಕೊಳ್ಳುವವರು ಯಾರು, ಎಷ್ಟು ಕೋಟಿಗೆ ಎಂಬುದು ನನ್ನ ಪ್ರಶ್ನೆಯಲ್ಲ. ತಂಡಕ್ಕೆ ಬೆಂಗಳೂರಿನ ಹೆಸರಿರುವವರೆಗೆ ತವರಿನ ಪಂದ್ಯಗಳು ಕ್ಷೇಮವಾದ ಅಂಗಳದಲ್ಲಿ ಕನ್ನಡನಾಡಿನಲ್ಲೇ ನಡೆಯಬೇಕು. ತಂಡ ನಾಡನ್ನು ಬಿಟ್ಟರೆ ಹೆಸರನ್ನೂ ಬಿಟ್ಟು ಹೋಗಬೇಕು. ಷೇರುಗಳಲ್ಲಿ ಒಂದು ಸಣ್ಣ ಪಾಲಾದರೂ ಅಭಿಮಾನಿಗಳಿಗೆ ಮೀಸಲಾಗಬೇಕು. ಈ ಮೂರು ಮಾತುಗಳು ಒಡೆಯರ ಬಾಯಲ್ಲಿ ಬಂದರೆ ಸಾಲದು, ಕರಾರಿನ ಕಾಗದದ ಮೇಲೆ ಬರಬೇಕು. ಸರ್ಕಾರವೂ ಕ್ರಿಕೆಟ್ ಸಂಸ್ಥೆಯೂ ಕ್ರೀಡಾಂಗಣದ ಬಾಗಿಲು ತೆರೆಯುವ ಮುನ್ನ ಇದನ್ನು ಕೇಳಲಿ.

ಆ ವಿದ್ಯಾರ್ಥಿಗೆ ನಾನು ಅಂದು ಉತ್ತರ ಹೇಳದೆ ಪಾಠ ಮುಂದುವರಿಸಿದೆ. ಇಂದು ಹೇಳುತ್ತಿದ್ದೇನೆ: ತಮ್ಮಾ, ಹೊತ್ತುಕೊಂಡು ಹೋಗುವವರು ಹೋಗಬಹುದು, ಊರಿನ ಹೆಸರನ್ನು ಮಾತ್ರ ಇಲ್ಲಿಯೇ ಇಟ್ಟು ಹೋಗಬೇಕು. ಅದನ್ನು ಮಾರುವ ಅಧಿಕಾರ ಯಾರಿಗೂ ಕೊಟ್ಟಿಲ್ಲವೆಂದು ಗಟ್ಟಿಯಾಗಿ ಹೇಳು. ಕಪ್ ನಮ್ದೇ ಎಂದು ಕೂಗಿದಷ್ಟೇ ಗಟ್ಟಿಯಾಗಿ.